ಸ್ಟೇಕ್ ಊಟಕ್ಕೆ ಯಾವ ಕೆಂಪು ವೈನ್? ಕ್ಯಾಬರ್ನೆ ಬಿಟ್ರೆ ಬೇರೆ ದಾರಿನೇ ಇಲ್ವಾ?

ಹದಬೆಂಕಿ
ಶನಿವಾರ ರಾತ್ರಿ ನಾಲ್ಕು ಜನಕ್ಕೆ ಸ್ಟೇಕ್, ಅಂದ್ರೆ ಬಾಣಲೆಯಲ್ಲಿ ಸುಟ್ಟ ದನದ ಮಾಂಸದ ದಪ್ಪ ತುಂಡು. ಎರಡು ರಿಬ್‌ಐ, ಒಂದೊಂದೂ 4 ಸೆಂ.ಮೀ. ದಪ್ಪ, ಮೀಡಿಯಂ ರೇರ್ (ಒಳಗೆ ಕೆಂಪು ಉಳಿಯೋ ಹದ). ಇನ್ನೆರಡು ಟೆಂಡರ್‌ಲಾಯಿನ್. ಅದರಲ್ಲಿ ಒಂದು ಪೂರ್ತಿ ಬೆಂದಿರಬೇಕು, ಒಳಗೆ ಕೆಂಪು ಕಾಣಲೇಬಾರದು ಅಂತ ಕಟ್ಟಪ್ಪಣೆ. ಮೇಲೆ ಕಾಳುಮೆಣಸಿನ ಕ್ರೀಮ್ ಸಾಸ್. ಎಲ್ಲಿ ಕೇಳಿದ್ರೂ ‘ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ವೈನ್ ತಗೊಳ್ಳಿ’ ಅಂದು ಕೈ ತೊಳ್ಕೋತಾರೆ. ನಾಲ್ಕೂ ತಟ್ಟೆಗೆ ಒಂದೇ ವೈನ್ ಹೊಂದುತ್ತಾ? ಎಷ್ಟು ಬಾಟಲಿ ಬೇಕು, ಎಷ್ಟು ಹೊತ್ತು ಮುಂಚೆ ತೆಗೀಬೇಕು, ಫ್ರಿಜ್‌ಗೆ ಇಡಬೇಕಾ ಬೇಡವಾ, ಅದನ್ನೂ ಹೇಳಿ.

ಒಗರುರಾಯ
ಕ್ಯಾಬರ್ನೆ. ಮುಗೀತು. ಮುಂದಿನ ಪ್ರಶ್ನೆ?

ಪೀಪಾಯಿ
ಎಲ್ಲಿ ಮುಗೀತು ರಾಯರೇ, ಪ್ರಶ್ನೆ ಪೂರ್ತಿ ಓದಿದ್ರಾ? ರಿಬ್‌ಐ ಮತ್ತು ಟೆಂಡರ್‌ಲಾಯಿನ್ ಎರಡಕ್ಕೂ ಸ್ಟೇಕ್ ಅನ್ನೋ ಹೆಸರು ಬಿಟ್ರೆ ಸಾಮ್ಯ ಕಮ್ಮಿ. ರಿಬ್‌ಐ ತುಂಬ ನೆಣದ ಗೆರೆ, ನಡುವೆ ಒಂದು ಕೊಬ್ಬಿನ ಗಂಟು ಬೇರೆ. ಟೆಂಡರ್‌ಲಾಯಿನ್ ಅಷ್ಟಾಗಿ ಕೆಲಸ ಮಾಡದ ಸ್ನಾಯು. ಮೆತ್ತಗಿರುತ್ತೆ, ನೆಣ ಕಮ್ಮಿ, ರುಚಿಯೂ ತೆಳು. ಅದರ ಜೊತೆ ಎಳೇ ಕ್ಯಾಬರ್ನೆ ಇಟ್ರೆ ಬಾಯಲ್ಲಿ ಮಾಂಸ ಎಲ್ಲಿದೆ ಅಂತ ಹುಡುಕಬೇಕಾಗುತ್ತೆ.

ನೆಣದ ತುಂಡಿಗೆ ಕ್ಯಾಬರ್ನೆ, ಮಾಲ್ಬೆಕ್, ಸಿರಾ, ನೆಬ್ಬಿಯೋಲೊ ದ್ರಾಕ್ಷಿಗಳ ವೈನ್ ಯಾವುದಾದ್ರೂ ನಡೀತದೆ. ಟೆಂಡರ್‌ಲಾಯಿನ್‌ಗೆ ಮೆರ್ಲೋ ದ್ರಾಕ್ಷಿ ಹೆಚ್ಚಿರೋ, ಫ್ರಾನ್ಸಿನ ಬೋರ್ಡೋ ಪ್ರದೇಶದ ನದಿ ಬಲದಂಡೆಯ ವೈನ್, ಸ್ವಲ್ಪ ಮೈಕಟ್ಟಿರೋ ಪಿನೋ ನ್ವಾರ್, ಇಲ್ಲಾಂದ್ರೆ ಸ್ಪೇನಿನ ವಯಸ್ಸಾದ ರಿಯೋಹ. ಫ್ಲ್ಯಾಂಕ್, ಸ್ಕರ್ಟ್ ಥರದ ನಾರಿನ ತುಂಡಿಗೆ ಹುಳಿ ಚುರುಕಾಗಿರೋ ಇಟಲಿಯ ಸಾಂಜೋವೇಸೆ ದ್ರಾಕ್ಷಿಯ ವೈನ್.

ಉಪ್ಪಿನಹರಳು
‘ಟ್ಯಾನಿನ್ (ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರು ಅಂಶ) ಕೊಬ್ಬನ್ನ ಕತ್ತರಿಸುತ್ತೆ’ ಅನ್ನೋ ಮಾತು ಯಾರಾದ್ರೂ ಎತ್ತೋ ಮುಂಚೆ ಹೇಳ್ಬಿಡ್ತೀನಿ: ಸ್ಟೇಕ್ ಜೊತೆ ಕೆಂಪು ವೈನ್ ಮೆತ್ತಗಾಗೋದಕ್ಕೆ ದೊಡ್ಡ ಕಾರಣ ಕೊಬ್ಬಲ್ಲ, ಉಪ್ಪು. ನಂಬದಿದ್ರೆ ಅಡುಗೆ ಹೊತ್ತಲ್ಲೇ ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ.

ಉಪ್ಪು ಹಾಕದ ಚಿಕ್ಕ ತುಂಡೊಂದನ್ನ ಬಾಣಲೆಯಲ್ಲಿ ಸುಟ್ಟು ಮೂರು ಚೂರು ಮಾಡಿ. ಮೊದಲು ಬರೀ ವೈನ್ ಒಂದು ಗುಟುಕು. ಆಮೇಲೆ ಉಪ್ಪಿಲ್ಲದ ಚೂರು ಅಗಿದು ಗುಟುಕು. ವೈನ್ ಕಹಿಯಾಗಿ, ಒಸಡು ಹಿಂಡೋ ಹಾಗೆ ಅನ್ನಿಸುತ್ತೆ. ಎರಡನೇ ಚೂರಿಗೆ ಒಂದು ಚಿಟಿಕೆ ಉಪ್ಪು, ಮತ್ತೆ ಗುಟುಕು. ಅದೇ ವೈನ್, ಒಗರು ಹಿಂದೆ ಸರಿದು ಹಣ್ಣಿನ ರುಚಿ ಮುಂದೆ ಬರುತ್ತೆ. ಮೂರನೇದಕ್ಕೆ ಉಪ್ಪಿನ ಜೊತೆ ಎರಡು ತೊಟ್ಟು ನಿಂಬೆರಸ. ಈಗ ಇನ್ನೂ ನಯ. ಆದ್ರೆ ನಿಂಬೆ ಜಾಸ್ತಿಯಾದ್ರೆ ವೈನ್ ಸಪ್ಪೆ ನೀರಾಗುತ್ತೆ.

ಕಾರಣ ಇಷ್ಟೇ. ಮಾಂಸದ ಉಮಾಮಿ (ಸಾರಿನಂಥ ಗಾಢ ರುಚಿ) ವೈನಿನ ಕಹಿ ಮತ್ತು ಒಗರನ್ನ ಎತ್ತಿ ತೋರಿಸುತ್ತೆ, ಉಪ್ಪು ಅದನ್ನ ಅಡಗಿಸುತ್ತೆ. ನೂರಕ್ಕೆ ತೊಂಬತ್ತು ಸಲ ‘ಈ ವೈನ್ ಹೊಂದಲಿಲ್ಲ’ ಅನ್ನೋ ದೂರಿನ ಹಿಂದೆ ಉಪ್ಪು ಕಮ್ಮಿಯಾದ ಸ್ಟೇಕ್ ಇರುತ್ತೆ ಅಂತ ನನ್ನ ವಾದ.

ಒಗರುರಾಯ
ಅರ್ಧ ಸತ್ಯ. ಟ್ಯಾನಿನ್ ಅಂಟಿಕೊಳ್ಳೋದು ಪ್ರೋಟೀನಿಗೆ. ಬರೀ ವೈನ್ ಕುಡಿದ್ರೆ ಅದು ಜೊಲ್ಲಿನ ಪ್ರೋಟೀನನ್ನ ಹಿಡಿದು ಗಂಟು ಕಟ್ಟಿಸುತ್ತೆ, ನಾಲಿಗೆಯ ಜಾರುತನ ಹೋಗುತ್ತೆ. ಅದನ್ನೇ ನಾವು ಒಗರು ಅನ್ನೋದು. ಬಾಯಲ್ಲಿ ಮಾಂಸದ ರಸ ಇದ್ರೆ ಟ್ಯಾನಿನ್‌ಗೆ ಹಿಡ್ಕೊಳ್ಳೋಕೆ ಬೇರೆ ಪ್ರೋಟೀನ್ ಸಿಗುತ್ತೆ, ಜೊಲ್ಲು ಉಳ್ಕೊಳ್ಳುತ್ತೆ. ಕಡುಚಹಾಕ್ಕೆ ಹಾಲು ಬಿದ್ರೆ ಒಗರು ಇಳಿಯೋದೂ ಇದೇ ಲೆಕ್ಕ, ಹಾಲಿನ ಕೇಸಿನ್ ಟ್ಯಾನಿನನ್ನ ಕಟ್ಟಿಹಾಕುತ್ತೆ.

ಉಪ್ಪಿನಹರಳು
ಚಹಾದ ಉದಾಹರಣೆ ಒಪ್ಪಿದೆ. ಹಾಗಾದ್ರೆ ಹದಬೆಂಕಿಯವರ ಕ್ರೀಮ್ ಸಾಸೂ ಅದೇ ಕೆಲಸ ಮಾಡುತ್ತಲ್ಲ? ಅದರಲ್ಲೂ ಕೇಸಿನ್ ಇದೆ. ನಿಮ್ಮ ಮಾತು ಕೊಬ್ಬಿನ ಕತೆಗೆ ಸಾಕ್ಷಿ ಆಗ್ಲಿಲ್ಲ, ಸಾಸ್ ಕತೆಗೆ ಆಯ್ತು.

ಒಗರುರಾಯ
ಸರಿ ಬಿಡಿ, ಒಂದು ಅಂಕ ನಿಮಗೆ.

ಕೆಂಡಸಂಪಿಗೆ
ಉಪ್ಪಿನ ಮಾತು ಬಂತಲ್ಲ, ಎಷ್ಟು, ಯಾವಾಗ ಅನ್ನೋದೂ ಇರಲಿ. ಮಾಂಸದ ತೂಕದ 1 ಶೇಕಡಾ. 400 ಗ್ರಾಂ ತುಂಡಿಗೆ 4 ಗ್ರಾಂ. ಒಂದೋ ಬಾಣಲೆಗೆ ಹಾಕೋ ಕ್ಷಣದಲ್ಲಿ ಸವರಿ, ಇಲ್ಲಾಂದ್ರೆ ಕನಿಷ್ಠ 45 ನಿಮಿಷ ಮುಂಚೆ. ಹಿಂದಿನ ರಾತ್ರಿಯೇ ಸವರಿ ಫ್ರಿಜ್‌ನಲ್ಲಿ ಮುಚ್ಚದೆ ಇಟ್ರೆ ಇನ್ನೂ ಒಳ್ಳೇದು. 10ರಿಂದ 30 ನಿಮಿಷದ ನಡುವೆ ಮಾತ್ರ ಬೇಡ. ಉಪ್ಪು ಎಳೆದ ನೀರು ಮೇಲೇ ನಿಂತಿರುತ್ತೆ, ಒಳಗೆ ಮರಳಿ ಇಂಗಿರಲ್ಲ. ಬಾಣಲೆಗೆ ಬಿದ್ರೆ ಸುಡೋ ಬದಲು ಬೇಯುತ್ತೆ.

ಇನ್ನೊಂದು. ಮೇಲ್ಪದರ ಕಂದು ಆಗಲಿ, ಕಪ್ಪಾಗೋದು ಬೇಡ. ಸೀದ ಕಹಿಗೆ ಎಳೇ ವೈನಿನ ಕಹಿ ಸೇರಿದ್ರೆ ಒಂದಕ್ಕೊಂದು ಕೂಡುತ್ತೆ, ಕಳೆಯಲ್ಲ. ಹೊಸ ಓಕ್ ಪೀಪಾಯಿಯಲ್ಲಿಟ್ಟ ವೈನಾದ್ರೆ ಆ ಸುಟ್ಟ ಮರದ ಘಮ ಕಂದು ಪದರದ ಜೊತೆ ಚೆನ್ನಾಗಿ ಕೂರುತ್ತೆ, ಇದ್ದಿಲಾದ ಪದರದ ಜೊತೆ ಅಲ್ಲ.

ಕರಿಮೆಣಸು
ಸಾಸ್‌ನಲ್ಲಿ ಕಾಳುಮೆಣಸು ಅಂದ ತಕ್ಷಣ ನನಗೆ ಕಂಡಿದ್ದು ಸಿರಾ. ಇದು ಬರೀ ಹೋಲಿಕೆಯ ಮಾತಲ್ಲ. ಸಿರಾದ ಮೆಣಸಿನ ಘಮ ಮತ್ತು ಕಾಳುಮೆಣಸಿನ ಘಮ ಎರಡೂ ಒಂದೇ ಅಣುವಿನದು, ರೊಟಂಡೋನ್. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಗುರುತಿಸಿದ್ದು. ತಂಪು ಪ್ರದೇಶದ ಸಿರಾದಲ್ಲಿ ಅದು ಎದ್ದು ಕಾಣುತ್ತೆ: ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಕ್ರೋಜ್ ಎರ್ಮಿತಾಜ್, ಸೇಂಟ್ ಜೋಸೆಫ್, ಕೈಯಲ್ಲಿ ದುಡ್ಡಿದ್ರೆ ಕೋಟ್ ರೋಟಿ. ಆಸ್ಟ್ರೇಲಿಯಾದಲ್ಲಿ ಸಿರಾಕ್ಕೆ ಶಿರಾಜ್ ಅಂತಾರೆ; ಅಲ್ಲಿನ ಬಿಸಿಲು ಪ್ರದೇಶದ ಬರೋಸಾ ಶಿರಾಜ್‌ನಲ್ಲಿ ಮೆಣಸಿಗಿಂತ ಜಾಮ್, ಚಾಕೊಲೇಟ್ ಜಾಸ್ತಿ. ಮದ್ಯಾಂಶ 14.5 ಶೇಕಡಾ ದಾಟೋದೂ ಮಾಮೂಲು, ಮೆಣಸಿನ ಖಾರದ ಮೇಲೆ ಅದು ಉರಿಯೋಕೆ ಶುರು. ಲೇಬಲ್ ಹಿಂದೆ 13ರಿಂದ 13.5 ಶೇಕಡಾ ಇರೋದು ನೋಡಿ ತಗೊಳ್ಳಿ.

ಸುಮಾರು ಐದರಲ್ಲಿ ಒಬ್ಬರಿಗೆ ರೊಟಂಡೋನ್ ವಾಸನೆ ಹತ್ತೋದೇ ಇಲ್ಲ. ಮೇಜಿನಲ್ಲಿ ಯಾರಾದ್ರೂ ‘ಎಲ್ಲಿದೆ ಮೆಣಸು?’ ಅಂದ್ರೆ ಜಗಳ ಬೇಡ.

ದ್ರಾಕ್ಷಿಗೊಂಚಲು
ಸಿರಾ ಅಂದ್ರೆ ಪರ್ಷಿಯಾದ ಶಿರಾಜ್ ನಗರದಿಂದ ಬಂದ ದ್ರಾಕ್ಷಿ ಅಲ್ವಾ? ಹೆಸರಲ್ಲೇ ಇದೆ.

ಕರಿಮೆಣಸು
ಚಂದದ ಕತೆ, ನಿಜ ಅಲ್ಲ. 1998ರ ಡಿಎನ್‌ಎ ಪರೀಕ್ಷೆಯಲ್ಲಿ ಅಪ್ಪ ಅಮ್ಮ ಸಿಕ್ಕಿಬಿದ್ರು: ದ್ಯುರೆಜಾ ಮತ್ತು ಮೊಂದ್ಯೂಜ್ ಬ್ಲಾಂಶ್. ಎರಡೂ ಆಗ್ನೇಯ ಫ್ರಾನ್ಸಿನ ತಳಿ.

ಪೀಪಾಯಿ
ವಂಶಾವಳಿ ಶುರುವಾಯ್ತಲ್ಲ, ರಾಯರ ಕ್ಯಾಬರ್ನೆದೂ ಹೇಳ್ಬಿಡಿ. ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ದ್ರಾಕ್ಷಿ ಸೊವಿನ್ಯೋನ್ ಬ್ಲಾಂಕ್ ಇವುಗಳ ಕೂಸು.

ಒಗರುರಾಯ
ಬಿಳಿ ಅಮ್ಮನ ಕಪ್ಪು ಮಗು. ಆದ್ರೂ ರಿಬ್‌ಐಗೆ ಅದೇ ಅಂತ ನಾನು.

ಬೆಟ್ಟದತೋಟ
ಮಾಲ್ಬೆಕ್ ಬಗ್ಗೆ ಒಂದೇ ಸಾಲಲ್ಲಿ ದಾಟಿಬಿಟ್ರಲ್ಲ. ವೈನ್ ಹೊಸಬರು ಮೇಜಿನಲ್ಲಿದ್ರೆ ಮೊದಲ ಆಯ್ಕೆ ಅದೇ. ಟ್ಯಾನಿನ್ ಇದೆ, ಆದ್ರೆ ಹಿಂಡಲ್ಲ. ಪ್ಲಮ್ ಹಣ್ಣಿನ ರುಚಿ ಮುಂದೆ. ಅರ್ಜೆಂಟೀನಾದಲ್ಲಿ ಮೆಂಡೋಜಾದ ಎತ್ತರದ ತೋಟಗಳು, ಅದರಲ್ಲೂ ಸಮುದ್ರಮಟ್ಟದಿಂದ 1000 ಮೀಟರ್‌ಗೂ ಮೇಲಿರೋ ಊಕೊ ಕಣಿವೆ. ಹಗಲು ಬಿಸಿಲು ಹಣ್ಣನ್ನ ಮಾಗಿಸುತ್ತೆ, ರಾತ್ರಿಯ ಚಳಿ ಹುಳಿಯನ್ನ ಉಳಿಸುತ್ತೆ. ಮೂಲ ನೆಲ ಫ್ರಾನ್ಸಿನ ಕಾವೋರ್. ಅಲ್ಲಿನದು ಒರಟು, ಕಪ್ಪು, ಗಡುಸು. ಬಾಟಲಿ ಮೇಲೆ ಕಾವೋರ್ ಅಂತ ಬರೀಬೇಕಾದ್ರೆ ಕನಿಷ್ಠ 70 ಶೇಕಡಾ ಮಾಲ್ಬೆಕ್ ಇರಬೇಕು. ದ್ರಾಕ್ಷಿ ಒಂದೇ ಆದ್ರೂ ಅದಲುಬದಲು ಮಾಡ್ಕೋಬೇಡಿ. ಕಾವೋರ್‌ಗೆ ಎರಡು ಗಂಟೆ ಗಾಳಿ ಬೇಕು, ಮೆಂಡೋಜಾದ್ದಕ್ಕೆ ಅರ್ಧ ಗಂಟೆ ಸಾಕು.

ದ್ರಾಕ್ಷಿಗೊಂಚಲು
ಲೇಬಲ್ ಮಾತು ಬಂತು ಅಂತ ಒಂದು ಎಚ್ಚರಿಕೆ. ಮುಂದೆ ‘ಕ್ಯಾಬರ್ನೆ’ ಅಂತಿದ್ರೆ ಒಳಗೆಲ್ಲ ಕ್ಯಾಬರ್ನೆನೇ ಅಂತಲ್ಲ. ಅಮೆರಿಕದಲ್ಲಿ 75 ಶೇಕಡಾ ಇದ್ರೆ ಸಾಕು, ಐರೋಪ್ಯ ಒಕ್ಕೂಟದಲ್ಲಿ 85. ಮೋಸ ಅಲ್ಲ, ಸ್ವಲ್ಪ ಮೆರ್ಲೋ ಬೆರೆಸಿದ್ರೆ ಗಡಸುತನ ಇಳಿಯುತ್ತೆ. ‘ರಿಸರ್ವ್’ ಪದ ನೋಡಿ ಮಾತ್ರ ಮರುಳಾಗಬೇಡಿ. ಸ್ಪೇನಿನ ರಿಯೋಹದಲ್ಲಿ ರೆಸೆರ್ವಾ ಅಂದ್ರೆ ಕಾನೂನಿದೆ: ಕೆಂಪು ವೈನಿಗೆ ಒಟ್ಟು ಕನಿಷ್ಠ 3 ವರ್ಷ, ಅದರಲ್ಲಿ 1 ವರ್ಷವಾದ್ರೂ ಓಕ್ ಪೀಪಾಯಿ. ಗ್ರಾನ್ ರೆಸೆರ್ವಾಗೆ 5 ವರ್ಷ, ಪೀಪಾಯಿಯಲ್ಲೇ 2. ಎಷ್ಟೋ ಕಡೆ ಅದೇ ಪದ ಬರೀ ಅಲಂಕಾರ.

ತಟ್ಟೆಬಟ್ಟಲು
ಎಲ್ಲರೂ ಆ ಪೂರ್ತಿ ಬೆಂದ ಟೆಂಡರ್‌ಲಾಯಿನ್ ಮರೆತ್ರಾ? ಕಷ್ಟ ಇರೋದೇ ಅಲ್ಲಿ. ಮೀಡಿಯಂ ರೇರ್ ಅಂದ್ರೆ ನಡುವೆ 54ರಿಂದ 57 ಡಿಗ್ರಿ ಸೆಲ್ಸಿಯಸ್, ರಸ ಇನ್ನೂ ಒಳಗಿದೆ. 71 ದಾಟಿದ್ರೆ ನಾರು ಬಿಗಿದು ರಸ ಹಿಂಡಿಹೋಗಿರುತ್ತೆ. ಒಣ ಮಾಂಸದ ಮೇಲೆ ಒಣಗಿಸೋ ವೈನ್ ಹಾಕಿದ್ರೆ ಬಾಯಿ ಮರಳುಗಾಡು. ಅವರಿಗೆ ಟ್ಯಾನಿನ್ ಕರಗಿರೋ ರಿಯೋಹ ರೆಸೆರ್ವಾ ಅಥವಾ ಮೆರ್ಲೋ ಕೊಡಿ, ಸಾಸ್ ಎರಡು ಚಮಚ ಜಾಸ್ತಿ ಬಡಿಸಿ. ಬೇಯಿಸಿದ್ದನ್ನ ಬೈಬೇಡಿ, ವೈನ್ ಬದಲಾಯಿಸಿ.

ಒಗರುರಾಯ
ನಾನು ಬೈತೀನಿ. 71 ಡಿಗ್ರಿ ಟೆಂಡರ್‌ಲಾಯಿನ್ ಅಪರಾಧ.

ತಟ್ಟೆಬಟ್ಟಲು
ತಿನ್ನೋರು ಅವರು ರಾಯರೇ.

ಹದಬೆಂಕಿ
ಒಳ್ಳೊಳ್ಳೆ ಮಾಹಿತಿ. ಈಗ ತಾಪ, ಗಾಳಿ, ಅಳತೆ ಯಾರಾದ್ರೂ ಹೇಳಿ. ‘ಕೋಣೆಯ ತಾಪದಲ್ಲಿ ಕೊಡಿ’ ಅಂತ ಬರೆದಿರುತ್ತೆ. ಕೋಣೆಯಲ್ಲಿ 27 ಡಿಗ್ರಿ ಇದೆ.

ನೆಲಮಾಳಿಗೆ
ಆ ‘ಕೋಣೆ’ ಹಳೇ ಯುರೋಪಿನ ಚಳಿಮನೆಯದು, ಈ ಕಾಲದ್ದಲ್ಲ. ತುಂಬುಮೈಯ ಕೆಂಪು ವೈನಿಗೆ 16ರಿಂದ 18, ಪಿನೋ ನ್ವಾರ್‌ಗೆ 13ರಿಂದ 15 ಡಿಗ್ರಿ. 27ರಲ್ಲಿ ಸುರಿದ್ರೆ ಮೂಗಿಗೆ ಮೊದಲು ಹೊಡೆಯೋದು ಮದ್ಯಸಾರ, ಹಣ್ಣು ಬೇಯಿಸಿದ ಜಾಮ್ ಥರ. ತೀರಾ ತಣ್ಣಗಾದ್ರೆ ಘಮ ಮುಚ್ಚಿಕೊಂಡು ಒಗರು, ಕಹಿ ಮೇಲೆದ್ದು ಬರುತ್ತೆ. ಬಾಟಲಿಯನ್ನ ಫ್ರಿಜ್‌ನಲ್ಲಿ ಒಂದರಿಂದ ಒಂದೂವರೆ ಗಂಟೆ ಇಡಿ. ಅವಸರ ಇದ್ರೆ ಐಸ್ ಬೆರೆಸಿದ ನೀರಲ್ಲಿ ಕತ್ತಿನವರೆಗೆ ಮುಳುಗಿಸಿ, 8ರಿಂದ 10 ನಿಮಿಷ. ಬರೀ ಐಸ್ ತುಂಬಿದ್ರೆ ನಿಧಾನ, ತುಂಡುಗಳ ನಡುವೆ ಗಾಳಿ ಇರುತ್ತೆ. 16ಕ್ಕೆ ಸುರಿಯಿರಿ, ಲೋಟದಲ್ಲಿ ತಾನೇ 18ಕ್ಕೆ ಏರುತ್ತೆ.

ಎಳೇ ಸಿರಾ, ಕ್ಯಾಬರ್ನೆ ಆದ್ರೆ ವೈನಿಗೆ ಗಾಳಿ ತಾಗಿಸೋ ಗಾಜಿನ ಪಾತ್ರೆ ಡಿಕ್ಯಾಂಟರ್‌ಗೆ ಸುರಿದು ಒಂದರಿಂದ ಎರಡು ಗಂಟೆ. ಡಿಕ್ಯಾಂಟರ್ ಇಲ್ಲದಿದ್ರೆ ಅಗಲ ತಳದ ಗಾಜಿನ ಜಗ್ ನಡೆಯುತ್ತೆ. ಕಾರ್ಕ್ ತೆಗೆದು ಬಾಟಲಿಯನ್ನ ಹಾಗೇ ನಿಲ್ಲಿಸಿ ‘ಉಸಿರಾಡ್ತಿದೆ’ ಅನ್ನೋದು ವ್ಯರ್ಥ. ಕತ್ತಿನ ಬಾಯಿ ನಾಣ್ಯದಷ್ಟು, ಗಾಳಿ ಎಷ್ಟು ತಾಗೀತು? ಹತ್ತು ವರ್ಷ ದಾಟಿದ ವೈನಾದ್ರೆ ಲೆಕ್ಕ ಉಲ್ಟಾ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿ ತಳಕ್ಕೆ ಇಳೀಲಿ. ಬಡಿಸೋ ಮುಂಚೆಯಷ್ಟೇ ಬಾಟಲಿಯ ಕತ್ತಿನ ಹಿಂದೆ ದೀಪ ಹಿಡಿದು ಸುರಿಯಿರಿ. ಗಸಿಯ ಎಳೆ ಭುಜಕ್ಕೆ ಬಂದ ಕ್ಷಣ ಕೈ ನಿಲ್ಲಿಸಿ. ಮುದಿ ವೈನನ್ನ ಎರಡು ಗಂಟೆ ಗಾಳಿಗಿಟ್ರೆ ಘಮ ಹಾರಿಹೋಗಿ ಹುಳಿಯಷ್ಟೇ ಉಳಿಯುತ್ತೆ.

ಅಳತೆ: 750 ಮಿ.ಲೀ. ಬಾಟಲಿಗೆ 150 ಮಿ.ಲೀ.ಯ ಐದು ಲೋಟ. ನಾಲ್ಕು ಜನಕ್ಕೆ ಎರಡು ಬಾಟಲಿ ಧಾರಾಳ. ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿಸಿ.

ಕೆಂಡಸಂಪಿಗೆ
ನೆಲಮಾಳಿಗೆಯವರು ಬಿಟ್ಟ ಒಂದು ಮಾತು: ಸಂಜೆಯೇ ಕಾರ್ಕ್ ತೆಗೆದು 30 ಮಿ.ಲೀ. ರುಚಿ ನೋಡಿ. ಒದ್ದೆ ರಟ್ಟು, ಹಳೇ ಗೋಣಿಚೀಲದ ವಾಸನೆ ಬಂದ್ರೆ ಅದು ಕಾರ್ಕ್ ದೋಷ. ಹೆಸರು ಟ್ರೈಕ್ಲೋರೊಅನಿಸೋಲ್, ಲೀಟರಿಗೆ ಕೆಲವೇ ನ್ಯಾನೊಗ್ರಾಂ ಸಾಕು ಹಾಳು ಮಾಡೋಕೆ. ಗಾಳಿಗಿಟ್ರೆ ಹೋಗಲ್ಲ, ಇನ್ನಷ್ಟು ಎದ್ದು ಬರುತ್ತೆ. ಬಾಟಲಿ ಬದಲಾಯಿಸಿ. ಕಡ್ಡಿ ಗೀರಿದ ವಾಸನೆ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಬರಿ ಬೇಡ, ಅದು ಗಂಧಕದ್ದು. ಜೋರಾಗಿ ಒಂದು ಜಗ್‌ನಿಂದ ಇನ್ನೊಂದಕ್ಕೆ ಸುರಿದ್ರೆ ಸಾಮಾನ್ಯವಾಗಿ ಹೋಗುತ್ತೆ. ಉಗುರುಬಣ್ಣ ಅಳಿಸೋ ದ್ರಾವಣದ ವಾಸನೆ ಹೊಡೆದ್ರೆ ವೈನ್ ವಿನೆಗರ್ ದಾರಿ ಹಿಡಿದಿದೆ.

ಬೆಟ್ಟದತೋಟ
ಊಟಕ್ಕಿಟ್ಟ ವೈನಲ್ಲೇ ಸ್ವಲ್ಪ ಸಾಸ್‌ಗೂ ಹಾಕಿದ್ರೆ ರುಚಿ ಕೂಡುತ್ತೆ ಅಂತಾರಲ್ಲ, ಹದಬೆಂಕಿ ಹಾಗೆ ಮಾಡಬಹುದಾ?

ತಟ್ಟೆಬಟ್ಟಲು
ಕ್ರೀಮ್ ಸಾಸ್‌ಗೆ ಕೆಂಪು ವೈನ್ ಹಾಕಬೇಡಿ. ಬಣ್ಣ ಬೂದುನೇರಳೆ, ನೋಡೋಕೇ ಮನಸ್ಸು ಬರಲ್ಲ. ತೆಳು ಕ್ರೀಮಾದ್ರೆ ವೈನಿನ ಹುಳಿಗೆ ಒಡೆದೂ ಹೋದೀತು. ಮೆಣಸಿನ ಸಾಸ್‌ಗೆ ಬ್ರಾಂದಿ ಎರಡು ಚಮಚ, ಗಟ್ಟಿ ಸ್ಟಾಕ್ (ಮೂಳೆ, ಮಾಂಸ ಕುದಿಸಿದ ಸಾರು) 100 ಮಿ.ಲೀ., ಅರ್ಧ ಬತ್ತಿಸಿ ಆಮೇಲೆ 35 ಶೇಕಡಾ ಕೊಬ್ಬಿನ ಕ್ರೀಮ್ 100 ಮಿ.ಲೀ. ಚಮಚದ ಬೆನ್ನಿಗೆ ಅಂಟುವಷ್ಟು ಆದ್ರೆ ಇಳಿಸಿ.

ಬೇರೆ ದಿನ ಬರೀ ವೈನ್ ಸಾಸ್ ಮಾಡೋದಾದ್ರೆ ಓಕ್ ಜಾಸ್ತಿ ಇರೋ, ಟ್ಯಾನಿನ್ ಜಾಸ್ತಿ ಇರೋ ವೈನ್ ಬೇಡ. ನೀರು ಬತ್ತಿದಂತೆ ಕಹಿ ಮಾತ್ರ ಗಟ್ಟಿಯಾಗುತ್ತೆ. ಮೆರ್ಲೋ ಥರದ್ದು ಹಾಕಿ, 150 ಮಿ.ಲೀ.ಯನ್ನ 50ಕ್ಕೆ ಇಳಿಸಿ, ಒಲೆ ಆರಿಸಿ ತಣ್ಣನೆ ಬೆಣ್ಣೆ 20 ಗ್ರಾಂ ಕಲಕಿ. ಸ್ಟೀಲ್ ಬಾಣಲೆಯಲ್ಲಿ ಮಾಡಿ. ಸರಿಯಾಗಿ ಪಳಗಿಸದ ಕಬ್ಬಿಣದ್ದರಲ್ಲಿ ವೈನಿನ ಹುಳಿ ಲೋಹದ ರುಚಿ ಎಬ್ಬಿಸುತ್ತೆ.

ದ್ರಾಕ್ಷಿಗೊಂಚಲು
ಬ್ರಾಂದಿಗೆ ಬೆಂಕಿ ಕೊಟ್ರೆ ಮದ್ಯವೆಲ್ಲ ಉರಿದುಹೋಗುತ್ತಲ್ಲ, ಕುಡಿಯದವರೂ ತಿನ್ನಬಹುದು.

ತಟ್ಟೆಬಟ್ಟಲು
ಇಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಬೆಂಕಿ ಹಚ್ಚಿದ ಮೇಲೂ ಸುಮಾರು 75 ಶೇಕಡಾ ಉಳಿಯುತ್ತೆ. ಸಾಸ್‌ನಲ್ಲಿ ಕಲಸಿ 15 ನಿಮಿಷ ಕುದಿಸಿದ್ರೆ 40, ಎರಡೂವರೆ ಗಂಟೆ ಕುದಿಸಿದ ಮೇಲೂ 5. ಮದ್ಯ ಮುಟ್ಟದವರು ಇದ್ರೆ ಅವರಿಗೆ ಬರೀ ಸ್ಟಾಕ್‌ನಲ್ಲಿ ಬೇರೆ ಸಾಸ್ ಮಾಡಿ, ಹೇಳಿಯೇ ಬಡಿಸಿ.

ಮೆದುಮಾತು
ನನ್ನದು ಬೇರೆ ಅನುಮಾನ. ಕೆಂಪು ವೈನ್ ಕುಡಿದ್ರೆ ತಲೆನೋವು ಬರೋದು ಸಲ್ಫೈಟಿಂದ (ವೈನ್ ಕೆಡದಿರಲಿ ಅಂತ ಹಾಕೋ ಗಂಧಕದ ಪದಾರ್ಥ) ಅಂತಾರೆ, ಸಲ್ಫೈಟ್ ಇಲ್ಲದ ಬಾಟಲಿ ನೋಡಿದ್ರೆ ಹೇಗೆ?

ಕರಿಮೆಣಸು
ಹಾಗಿದ್ರೆ ಬಿಳಿ ವೈನಿಗೆ ಜಾಸ್ತಿ ತಲೆನೋವು ಬರಬೇಕಿತ್ತು. ಐರೋಪ್ಯ ಒಕ್ಕೂಟದಲ್ಲಿ ಸಿಹಿಯಿಲ್ಲದ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ ಮಿತಿ, ಬಿಳಿಗೆ 200. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಸಂಶೋಧಕರು ದ್ರಾಕ್ಷಿ ಸಿಪ್ಪೆಯ ಕ್ವೆರ್ಸೆಟಿನ್ ಮೇಲೆ ಬೆರಳು ತೋರಿಸಿದ್ರು. ದೇಹದಲ್ಲಿ ಅದರಿಂದ ಆಗೋ ವಸ್ತು ಮದ್ಯ ಕರಗಿಸೋ ಕಿಣ್ವವನ್ನ ತಡೆಯುತ್ತೆ ಅಂತ. ಪ್ರಯೋಗಾಲಯದ ಕೆಲಸ ಅದು, ಮನುಷ್ಯರ ಮೇಲಿನ ಪರೀಕ್ಷೆ ಅಲ್ಲ. ಸಲ್ಫೈಟಿಗೆ ಅಸ್ತಮಾ ಕೆರಳೋರು ಇದ್ದಾರೆ, ಅವರು ಎಚ್ಚರ ವಹಿಸಬೇಕು. ಉಳಿದವರು ಲೋಟಕ್ಕೊಂದು ಲೋಟ ನೀರು ಕುಡಿದು, ಎರಡನೇ ಲೋಟಕ್ಕೇ ನಿಲ್ಲಿಸಿದ್ರೆ ಅರ್ಧ ಸಮಸ್ಯೆ ಪರಿಹಾರ.

ಒಗರುರಾಯ
ವೈದ್ಯಶಾಲೆ ಆಯ್ತು. ಸ್ಟೇಕ್‌ಗೆ ವಾಪಸ್ ಬನ್ನಿ. ಏನೇ ಹೇಳಿ, ದುಡ್ಡಿದ್ರೆ ಬೋರ್ಡೋನೇ. ಬೇರೆಯೆಲ್ಲ ನಕಲು.

ಬೆಟ್ಟದತೋಟ
1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಲೇಬಲ್ ಮುಚ್ಚಿ ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ಬೋರ್ಡೋದ ಘಟಾನುಘಟಿಗಳನ್ನ ಬಿಟ್ಟು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973ಕ್ಕೆ ಮೊದಲ ಸ್ಥಾನ ಕೊಟ್ರು. ನೆನಪಿರಲಿ.

ಒಗರುರಾಯ
ಅದೂ ಕ್ಯಾಬರ್ನೆನೇ! ಗೆದ್ದಿದ್ದು ನಾನೇ.

ಉಪ್ಪಿನಹರಳು
😄 ಈ ಸಲ ಅಂಕ ರಾಯರಿಗೆ.

ನೆಲಮಾಳಿಗೆ
ಹದಬೆಂಕಿಯವರು ಕೊನೇ ಗಳಿಗೆಯಲ್ಲಿ ಸಾಸ್ ಬದಲಾಯಿಸಿದ್ರೆ ವೈನೂ ಬದಲಾಗಬೇಕು ಅನ್ನೋದು ಗಮನದಲ್ಲಿರಲಿ. ಚಿಮಿಚುರ್ರಿ (ಸೊಪ್ಪು, ಬೆಳ್ಳುಳ್ಳಿ, ವಿನೆಗರ್‌ನ ಸಾಸ್) ಮಾಡಿದ್ರೆ ಅದರ ವಿನೆಗರ್ ಎದುರು ಹುಳಿ ಕಮ್ಮಿ ಇರೋ ವೈನ್ ಸತ್ತಂತೆ ಇರುತ್ತೆ. ವೈನಿನ ಹುಳಿ ತಟ್ಟೆಯ ಹುಳಿಗಿಂತ ಕಮ್ಮಿ ಇರಬಾರದು. ಅಲ್ಲಿ ಇಟಲಿಯ ಕಿಯಾಂತಿ ಕ್ಲಾಸಿಕೊ ಸರಿ, ಅದರಲ್ಲಿ ಕನಿಷ್ಠ 80 ಶೇಕಡಾ ಸಾಂಜೋವೇಸೆ ಇರಲೇಬೇಕು. ನೀಲಿ ಚೀಸ್ ಸಾಸ್ ಆದ್ರೆ ಗಡುಸು ಟ್ಯಾನಿನ್ ಬೇಡ, ಚೀಸ್ ಜೊತೆ ಲೋಹದ ಕಹಿ ಬರುತ್ತೆ. ಹಣ್ಣು ತುಂಬಿದ ಜಿನ್‌ಫಾಂಡೆಲ್ ತಡ್ಕೊಳ್ಳುತ್ತೆ.

ಹದಬೆಂಕಿ
ಸಾಸ್ ಬದಲಾಯಿಸಲ್ಲ. ತೀರ್ಮಾನ: ರಿಬ್‌ಐಗೆ ಕ್ರೋಜ್ ಎರ್ಮಿತಾಜ್ ಸಿರಾ 13 ಶೇಕಡಾದ್ದು, ಟೆಂಡರ್‌ಲಾಯಿನ್‌ಗೆ ರಿಯೋಹ ರೆಸೆರ್ವಾ. ಒಂದೊಂದು ಬಾಟಲಿ. ಹಿಂದಿನ ರಾತ್ರಿ ಉಪ್ಪು. ಈಗ ಉಳಿದಿದ್ದು ಒಂದೇ ಪ್ರಶ್ನೆ, ಆ 71 ಡಿಗ್ರಿಯದು ಬೇಯೋ ಹೊತ್ತಿಗೆ ಉಳಿದ ಮೂರು ಆರಿಹೋಗಲ್ವಾ?

ಕೆಂಡಸಂಪಿಗೆ
ಆ ತುಂಡನ್ನ ಅಡ್ಡಕ್ಕೆ ಸೀಳಿ ಪುಸ್ತಕದ ಥರ ಬಿಡಿಸಿ. ದಪ್ಪ ಅರ್ಧವಾಗುತ್ತೆ, ಹೊರಗೆ ಸೀಯೋ ಮುಂಚೆ ಒಳಗೆ ಬೇಯುತ್ತೆ. ರಿಬ್‌ಐಗಳನ್ನ ಮೊದಲು ಹಾಕಿ, ಥರ್ಮಾಮೀಟರ್ 52 ತೋರಿಸಿದಾಗ ತೆಗೀರಿ, ಬಿಸಿ ತಾನೇ ಎರಡು ಮೂರು ಡಿಗ್ರಿ ಏರುತ್ತೆ. ಅವು ಬಿಸಿ ತಟ್ಟೆಯಲ್ಲಿ ಏಳೆಂಟು ನಿಮಿಷ ಸುಧಾರಿಸ್ಕೊಳ್ಳೋ ಹೊತ್ತಲ್ಲಿ ಎರಡೂ ಟೆಂಡರ್‌ಲಾಯಿನ್ ಮುಗಿಯುತ್ತೆ.

ನೆಲಮಾಳಿಗೆ
ರಿಯೋಹ ಮೊದಲು ಸುರಿಯಿರಿ, ಸಿರಾ ಆಮೇಲೆ. ಒಂದೇ ಲೋಟ ಬಳಸೋದಾದ್ರೆ ನಡುವೆ ನೀರಲ್ಲಿ ತೊಳೀಬೇಡಿ, ಮುಂದಿನ ವೈನ್ ಒಂದು ಚಮಚ ಹಾಕಿ ತಿರುಗಿಸಿ ಚೆಲ್ಲಿ. ಉಳಿದದ್ದಕ್ಕೆ ಕಾರ್ಕ್ ಹಾಕಿ ಫ್ರಿಜ್‌ಗೆ, ಮೂರು ದಿನ ಪರವಾಗಿಲ್ಲ.

ಒಗರುರಾಯ
ಮಿಕ್ಕ ರಿಬ್‌ಐಯನ್ನ ಮರುದಿನ ತಣ್ಣಗೆ ತಿನ್ನೋದಾದ್ರೆ? ಹೇಳಿ, ಹೇಳಿ, ಕ್ಯಾಬರ್ನೆ ಅಂತ.

ಪೀಪಾಯಿ
ಬೋಜೊಲೆ ಅನ್ನೋ ಹಗುರ ಫ್ರೆಂಚ್ ಕೆಂಪು ವೈನ್, 13 ಡಿಗ್ರಿಗೆ ತಣಿಸಿ. ತಣ್ಣಗಾದ ನೆಣ ಮೇಣದ ಹಾಗೆ ಬಾಯಿಯ ಅಂಗುಳಕ್ಕೆ ಹತ್ತಿರುತ್ತೆ, ಅದರ ಮೇಲೆ ಕ್ಯಾಬರ್ನೆ ಒಗರು ಬೇರೆ ಯಾಕೆ. ಬೋಜೊಲೆಯ ಗಾಮೇ ದ್ರಾಕ್ಷಿಯ ಹುಳಿ ತೊಳೆದು ಕೊಡುತ್ತೆ.

ಒಗರುರಾಯ
ತಣ್ಣನೆ ಸ್ಟೇಕ್ ತಿನ್ನಲ್ಲ ಬಿಡಿ.